ಗೋದಾಮಿನೊಳಗೆ ಏನಿದೆ ಅಂತ ಊರಿಗೂ ಗೊತ್ತಿರಲಿ



ನಿಮ್ಮೂರ ಹತ್ತಿರದ ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ಅಮೋನಿಯಾ ಇದೆ? ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸಿಲಿಂಡರ್ ಎಷ್ಟಿವೆ? ಸೊಸೈಟಿ ಗೋದಾಮಿನಲ್ಲಿ ಗೊಬ್ಬರದ ಪಕ್ಕದಲ್ಲೇ ಇನ್ನೇನು ಪೇರಿಸಿಟ್ಟಿದ್ದಾರೆ? ಈ ಪ್ರಶ್ನೆಗಳಿಗೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಉತ್ತರ ಇರೋದಿಲ್ಲ. ಬೆಂಕಿ ಬಿದ್ದ ದಿನ ನೀರಿನ ಪೈಪ್ ಹಿಡಿದು ಬರುವ ಅಗ್ನಿಶಾಮಕದವರಿಗೂ ಉತ್ತರ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಅಮೆರಿಕದ ಒಂದು ಸಣ್ಣ ಊರಿನ ಕಥೆ ಅದನ್ನು ಚೆನ್ನಾಗಿ ಹೇಳುತ್ತದೆ.

ವೆಸ್ಟ್ ಊರಿನ ಗೊಬ್ಬರದ ಗೋದಾಮು

ಟೆಕ್ಸಾಸ್ ರಾಜ್ಯದ ಈ ಊರಿನ ಹೆಸರೇ ವೆಸ್ಟ್. ಆಗಿನ ಜನಸಂಖ್ಯೆ ಸುಮಾರು 2,800. ಸುತ್ತಲೂ ಹೊಲ, ಊರಂಚಿಗೆ ರೈತರಿಗೆ ಗೊಬ್ಬರ ಮಾರುವ ಒಂದು ಕಂಪನಿ. 2013ರ ಏಪ್ರಿಲ್ 17ರ ಸಂಜೆ ಏಳೂವರೆ ಹೊತ್ತಿಗೆ ಆ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ತಕ್ಷಣ ಓಡಿ ಬಂದರು. ಬೆಂಕಿಯ ಸುದ್ದಿ ತಿಳಿದು ಸುಮಾರು 20 ನಿಮಿಷಕ್ಕೆ ಒಳಗಿದ್ದ ಅಮೋನಿಯಂ ನೈಟ್ರೇಟ್ ಗೊಬ್ಬರ ಸಿಡಿಯಿತು. 15 ಜನ ಸತ್ತರು. ಅವರಲ್ಲಿ 12 ಮಂದಿ ಬೆಂಕಿ ಆರಿಸೋಕೆ, ಜನರನ್ನು ಉಳಿಸೋಕೆ ಬಂದವರು. 260ಕ್ಕೂ ಹೆಚ್ಚು ಜನ ಗಾಯಗೊಂಡರು. ಹತ್ತಿರದ ಶಾಲೆಗಳು, ವೃದ್ಧರ ಆರೈಕೆ ಕೇಂದ್ರ, ಮನೆಗಳು ಹಾಳಾದವು. ಶಾಲೆ ಬಿಟ್ಟ ಹೊತ್ತಾಗಿದ್ದರಿಂದ ಮಕ್ಕಳು ಉಳಿದರು.

ಗೊಬ್ಬರವನ್ನು ಮರದ ಕಟ್ಟಡದಲ್ಲಿ, ಮರದ ಅಂಕಣಗಳೊಳಗೆ ಸುರಿದಿದ್ದರು. ಅಮೋನಿಯಂ ನೈಟ್ರೇಟ್ ತಾನಾಗಿ ಹೊತ್ತಿಕೊಳ್ಳುವ ವಸ್ತುವಲ್ಲ. ಆದರೆ ಬೆಂಕಿಗೆ ಆಮ್ಲಜನಕ ಕೊಡುತ್ತದೆ. ಕಾವು ಹೆಚ್ಚಾಗಿ, ಜೊತೆಗೆ ಸುಡುವ ವಸ್ತು ಬೆರೆತು, ಗಾಳಿ ಆಡದ ಜಾಗದಲ್ಲಿ ಸಿಕ್ಕಿಕೊಂಡರೆ ಸಿಡಿಯುತ್ತದೆ.

ಕಂಪನಿ ಈ ಗೊಬ್ಬರವನ್ನು ಗುಟ್ಟಾಗಿ ಇಟ್ಟಿರಲಿಲ್ಲ. 270 ಟನ್‌ವರೆಗೆ ಅಮೋನಿಯಂ ನೈಟ್ರೇಟ್ ಇರುತ್ತದೆ ಅಂತ 2012ರ ವರದಿಯಲ್ಲಿ ರಾಜ್ಯ ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಆದರೂ ಈ ಜಾಗಕ್ಕೆ ಬೆಂಕಿ ಬಿದ್ದರೆ ಏನು ಮಾಡಬೇಕು ಅನ್ನುವ ತುರ್ತು ಯೋಜನೆ ಕೌಂಟಿಯವರ ಹತ್ತಿರ ಇರಲಿಲ್ಲ ಅಂತ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಹಿಂದೆ ಸೋರಿದ್ದ ಅನುಭವದಿಂದ ಅಗ್ನಿಶಾಮಕದವರಿಗೆ ಅಮೋನಿಯಾ ಟ್ಯಾಂಕಿನ ಭಯ ಇತ್ತು. ಗೊಬ್ಬರ ಸಿಡಿಯುತ್ತದೆ ಅನ್ನುವ ಅರಿವು ಇರಲಿಲ್ಲ. ಕೊನೆಗೆ ಟ್ಯಾಂಕುಗಳಿಗೆ ಏನೂ ಆಗಲಿಲ್ಲ, ಗೊಬ್ಬರ ಸಿಡಿಯಿತು.

ವರದಿ ಫೈಲಿನಲ್ಲಿತ್ತು. ಬೇಕಾದವರ ತಲೆಯಲ್ಲಿ ಇರಲಿಲ್ಲ.

ಈ ಕಾನೂನು ಹುಟ್ಟಿದ್ದು ಭೋಪಾಲದಿಂದ

ಆ ವರದಿ ಕೊಡಲೇಬೇಕು ಅನ್ನುವ ಅಮೆರಿಕದ ಕಾನೂನಿನ ಬೇರು ನಮ್ಮ ದೇಶದಲ್ಲಿದೆ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸೈನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತರು. ಅಲ್ಲಿ ತಯಾರಾಗುತ್ತಿದ್ದದ್ದು ಕಾರ್ಬರಿಲ್, ಅಂದರೆ ಹೊಲಕ್ಕೆ ಹೊಡೆಯುವ ಔಷಧಿ. ಸುತ್ತಲಿನ ಜನರಿಗೆ ಎತ್ತ ಓಡಬೇಕು ಅನ್ನೋದು ಗೊತ್ತಿರಲಿಲ್ಲ. ಆಸ್ಪತ್ರೆ ವೈದ್ಯರಿಗೆ ಯಾವ ಅನಿಲ, ಏನು ಚಿಕಿತ್ಸೆ ಅನ್ನೋದೂ ತಿಳಿದಿರಲಿಲ್ಲ.

ಮರುವರ್ಷ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲೂ ಅನಿಲ ಸೋರಿತು. 1986ರಲ್ಲಿ ಅಲ್ಲಿನ ಸಂಸತ್ತು ತುರ್ತು ಯೋಜನೆ ಮತ್ತು ಸಮುದಾಯದ ತಿಳಿಯುವ ಹಕ್ಕಿನ ಕಾಯ್ದೆ ತಂದಿತು. ಅದರ ಸಾರ ಹೀಗಿದೆ:

- ನಿಗದಿತ ಮಿತಿಗಿಂತ ಹೆಚ್ಚು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರು ಪ್ರತಿ ವರ್ಷ ಮಾರ್ಚ್ 1ರೊಳಗೆ ಏನು, ಎಷ್ಟು, ಎಲ್ಲಿ ಅಂತ ಬರೆದುಕೊಡಬೇಕು. ಸಾಮಾನ್ಯ ಮಿತಿ 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್. ಅತಿ ಅಪಾಯಕಾರಿ ಪಟ್ಟಿಯ ವಸ್ತುಗಳಿಗೆ 500 ಪೌಂಡ್ ಅಥವಾ ಅದಕ್ಕಿಂತ ಕಡಿಮೆ.
- ವರದಿ ಮೂರು ಕಡೆ ಹೋಗಬೇಕು: ರಾಜ್ಯದ ಆಯೋಗಕ್ಕೆ, ಸ್ಥಳೀಯ ತುರ್ತು ಯೋಜನಾ ಸಮಿತಿಗೆ, ಊರಿನ ಅಗ್ನಿಶಾಮಕ ಠಾಣೆಗೆ.
- ಸಮಿತಿ ತನ್ನ ಪ್ರದೇಶಕ್ಕೆ ತುರ್ತು ಯೋಜನೆ ಮಾಡಬೇಕು. ಸಾರ್ವಜನಿಕರು ಕೇಳಿದರೆ ಮಾಹಿತಿ ಕೊಡಬೇಕು.

ಆದರೆ ಕಾನೂನಿನಲ್ಲಿ ಕಿಂಡಿಗಳಿವೆ. ಅಮೋನಿಯಂ ನೈಟ್ರೇಟ್ ಅತಿ ಅಪಾಯಕಾರಿ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಅದಕ್ಕೋಸ್ಕರ ಯೋಜನೆ ಮಾಡಲೇಬೇಕು ಅನ್ನುವ ಕಡ್ಡಾಯ ಇರಲಿಲ್ಲ. ರೈತ ತನ್ನ ಬೇಸಾಯಕ್ಕೆ ಬಳಸುವ ರಾಸಾಯನಿಕಕ್ಕೆ ವಾರ್ಷಿಕ ವರದಿಯಿಂದ ವಿನಾಯಿತಿ ಇದೆ. ಹಾಗಂತ ರೈತ ಪೂರ್ತಿ ಹೊರಗಿಲ್ಲ. ಅಮೋನಿಯಾದಂಥ ಅತಿ ಅಪಾಯಕಾರಿ ವಸ್ತು ಮಿತಿ ದಾಟಿದರೆ ಜಮೀನಿನವನೂ ಸ್ಥಳೀಯ ಸಮಿತಿಗೆ ಒಂದು ಸಲ ತಿಳಿಸಲೇಬೇಕು.

ನಮ್ಮಲ್ಲಿ ಏನಿದೆ?

ನಮ್ಮ ದೇಶದಲ್ಲೂ ಭೋಪಾಲದ ನಂತರ ನಿಯಮಗಳು ಬಂದವು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ, ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಯವರು ಕಾರ್ಮಿಕರಿಗೆ, ಸ್ಥಳೀಯ ಸಂಸ್ಥೆಗೆ ಮತ್ತು ಅಕ್ಕಪಕ್ಕದ ಜನರಿಗೆ ಅಪಾಯದ ಮಾಹಿತಿ ಕೊಡಬೇಕು ಅಂತ ಹೇಳಿತು. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದಿನ ನಿಯಮಗಳು 1989ರಲ್ಲಿ ಬಂದವು. ಇದರ ಪ್ರಕಾರ ದೊಡ್ಡ ಘಟಕಗಳು ತಮ್ಮ ಕಾಂಪೌಂಡಿನೊಳಗಿನ ತುರ್ತು ಯೋಜನೆ ಮಾಡಬೇಕು. ಕಾಂಪೌಂಡಿನ ಹೊರಗಿನ ಯೋಜನೆ ಜಿಲ್ಲಾಡಳಿತದ ಹೊಣೆ.

1996ರ ರಾಸಾಯನಿಕ ಅಪಘಾತ ನಿಯಮಗಳು ಜಿಲ್ಲಾ ಮಟ್ಟದಲ್ಲಿ ಮತ್ತು ಕೈಗಾರಿಕಾ ಪ್ರದೇಶದ ಮಟ್ಟದಲ್ಲಿ ಕ್ರೈಸಿಸ್ ಗ್ರೂಪ್ ಇರಬೇಕು ಅನ್ನುತ್ತವೆ. ಜಿಲ್ಲಾ ಗುಂಪಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ಸ್ಥಳೀಯ ಗುಂಪಿನಲ್ಲಿ ಅಗ್ನಿಶಾಮಕ ಅಧಿಕಾರಿ, ಪೊಲೀಸ್ ಠಾಣಾಧಿಕಾರಿ, ವೈದ್ಯರು, ಪತ್ರಿಕೆಯವರು ಇರಬೇಕು. ಜೊತೆಗೆ ಊರಿನ ಮುಖಂಡರು ಅಥವಾ ಪಂಚಾಯ್ತಿ ಅಧ್ಯಕ್ಷರಿಗೂ ಅದರಲ್ಲಿ ಜಾಗ ಇದೆ. ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಮಾಡಬೇಕು. ನಮ್ಮ ಪಂಚಾಯ್ತಿಗಳಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತಿದೆ, ನೀವೇ ಕೇಳಿ ನೋಡಿ.

ಮಿತಿಯ ಕೆಳಗೆ ಉಳಿಯುವವರು

ಇಲ್ಲೂ ಒಂದು ಕಿಂಡಿ ಇದೆ. ಈ ನಿಯಮಗಳಲ್ಲಿ ಅಮೋನಿಯಾಕ್ಕೆ ಕೆಳಮಿತಿ 60 ಟನ್, ಕ್ಲೋರಿನ್‌ಗೆ 10 ಟನ್. ಮೆಣಸಿನಕಾಯಿ, ಒಣದ್ರಾಕ್ಷಿ, ಬಿತ್ತನೆ ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್ ಆಗಲಿ, ಹಾಲಿನ ಡೈರಿ, ಐಸ್ ಫ್ಯಾಕ್ಟರಿ ಆಗಲಿ, ಸಾಮಾನ್ಯವಾಗಿ ಅಷ್ಟು ಅಮೋನಿಯಾ ಇಟ್ಟುಕೊಳ್ಳೋದಿಲ್ಲ. ನೀರಿನ ಘಟಕದ ದೊಡ್ಡ ಕ್ಲೋರಿನ್ ಸಿಲಿಂಡರ್ ಒಂದರಲ್ಲಿ ಸುಮಾರು 900 ಕಿಲೋ ಇರುತ್ತದೆ, ಐದಾರು ಇದ್ದರೂ ಮಿತಿ ಮುಟ್ಟೋದಿಲ್ಲ. ಹೀಗಾಗಿ ರೈತರು ದಿನಾ ಹೋಗಿಬರುವ ಜಾಗಗಳು ಹೆಚ್ಚಾಗಿ ಜಿಲ್ಲಾಡಳಿತದ ದೊಡ್ಡ ಯೋಜನೆಯೊಳಗೆ ಬರೋದಿಲ್ಲ. ಅನಿಲ ಸೋರಿದರೆ ಮಿತಿಯ ಕೆಳಗಿದೆ ಅಂತ ಅದು ಸುಮ್ಮನಿರೋದಿಲ್ಲ. ಒಂದೇ ಸಿಲಿಂಡರ್ ಸೋರಿದರೂ ಪಕ್ಕದ ಕೇರಿಯವರು ಉಸಿರು ಹಿಡಿದು ಓಡಬೇಕಾಗುತ್ತದೆ.

ಮಿತಿ ಎಷ್ಟೇ ಇರಲಿ, ಅಪಾಯಕಾರಿ ರಾಸಾಯನಿಕ ಬಳಸುವ ಘಟಕದವರು ಅಪಾಯ ಗುರುತಿಸಬೇಕು, ಕೆಲಸಗಾರರಿಗೆ ತರಬೇತಿ ಮತ್ತು ರಕ್ಷಣಾ ಸಲಕರಣೆ ಕೊಡಬೇಕು, ಸುರಕ್ಷತಾ ಮಾಹಿತಿ ಪತ್ರ ಇಟ್ಟಿರಬೇಕು ಅಂತ 1989ರ ನಿಯಮಗಳೇ ಹೇಳುತ್ತವೆ. ಕೇಳೋದಕ್ಕೆ ನಮಗೆ ಅಷ್ಟು ಆಧಾರ ಸಾಕು.

ಊರಿನವರು ಮಾಡಬಹುದಾದ ಕೆಲಸ

1. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಅಮೋನಿಯಾ, ಕ್ಲೋರಿನ್, ಗೊಬ್ಬರ, ಔಷಧಿ ದಾಸ್ತಾನು ಇಟ್ಟವರು ಯಾರ್ಯಾರು, ಎಷ್ಟೆಷ್ಟು?" ಉತ್ತರವನ್ನು ನಡಾವಳಿಯಲ್ಲಿ ಬರೆಸಿ.
2. ಪಿಡಿಒ ಅವರ ಮೂಲಕ ಆ ಪಟ್ಟಿಯ ಒಂದು ಪ್ರತಿ ಹತ್ತಿರದ ಅಗ್ನಿಶಾಮಕ ಠಾಣೆಗೆ, ಇನ್ನೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಲಿ.
3. ದೊಡ್ಡ ಕಾರ್ಖಾನೆ ಇದ್ದರೆ ಅದರ ತುರ್ತು ಯೋಜನೆ, ಹಿಂದಿನ ಅಣಕು ಕಾರ್ಯಾಚರಣೆಯ ದಿನಾಂಕ ಕೇಳಿ. ಕೊಡದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.
4. ಸೊಸೈಟಿ ನಿರ್ದೇಶಕರಾಗಿದ್ದರೆ ನಿಮ್ಮ ಗೋದಾಮಿನಿಂದಲೇ ಶುರು ಮಾಡಿ. ಪಕ್ಕದವರನ್ನು ಕೇಳುವ ಮೊದಲು ನಮ್ಮ ಬಾಗಿಲು ತೆರೆದಿರಲಿ.

ನಿಮ್ಮ ಮನೆಯ ಔಷಧಿ ಕೋಣೆ

ನಮ್ಮ ಮನೆಯಲ್ಲೂ ಒಂದು ಸಣ್ಣ ಗೋದಾಮು ಇದ್ದೇ ಇರುತ್ತೆ. ಅಲ್ಲಿ ಈ ನಾಲ್ಕು ವಿಷಯ ಗಮನಿಸಿ:

- ಡ್ರಿಪ್ಪಿಗೆ ಬಿಡುವ 13:0:45 (ಪೊಟ್ಯಾಶಿಯಂ ನೈಟ್ರೇಟ್), ಕ್ಯಾಲ್ಸಿಯಂ ನೈಟ್ರೇಟ್ ಬೆಂಕಿಯನ್ನು ಹೆಚ್ಚಿಸುವ ವಸ್ತುಗಳು. ಡೀಸೆಲ್, ಗಂಧಕದ ಪುಡಿ, ಹುಲ್ಲು, ಗೋಣಿಚೀಲದಿಂದ ದೂರ ಇಡಿ.
- ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಒಂದೇ ಕಪಾಟಿನಲ್ಲಿ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.
- ಔಷಧಿ ಅದರ ಸ್ವಂತ ಡಬ್ಬಿಯಲ್ಲೇ ಇರಲಿ. ಲೇಬಲ್ ಮೇಲಿನ ಕೆಂಪು ತ್ರಿಕೋನ ಅಂದರೆ ಅತ್ಯಂತ ವಿಷಕಾರಿ. ಯಾರಿಗಾದರೂ ವಿಷ ತಗುಲಿದರೆ ವೈದ್ಯರು ಮೊದಲು ಕೇಳೋದು ಆ ಲೇಬಲ್ಲನ್ನೇ.
- ಕೋಣೆಯಲ್ಲಿ ಏನಿದೆ, ಎಷ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಇಡಿ. ಕೋಣೆಯೊಳಗೆ ಅಂಟಿಸಿದರೆ ಬೆಂಕಿಯಲ್ಲಿ ಹಾಳೆಯೂ ಸುಡುತ್ತೆ.

ಅಮೋನಿಯಾ ಸೋರಿದರೆ

ಘಾಟು ವಾಸನೆ ಬಂದು ಕಣ್ಣು ಉರಿದರೆ ನೋಡೋಕೆ ಅಂತ ಹತ್ತಿರ ಹೋಗಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಗಾಳಿಗೆ ಅಡ್ಡಲಾಗಿ ನಡೆದು ಅನಿಲದ ಹಾದಿಯಿಂದ ಹೊರಬನ್ನಿ, ಆಮೇಲೆ ಗಾಳಿ ಬರುವ ದಿಕ್ಕಿಗೆ ಹೋಗಿ. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ, ಅಮೋನಿಯಾ ನೀರಿನಲ್ಲಿ ಬೇಗ ಕರಗುತ್ತದೆ. ತಣ್ಣಗಿನ ಅಮೋನಿಯಾ ಮಂಜಿನಂತೆ ನೆಲಕ್ಕಂಟಿ ಹರಿಯಬಹುದು, ಆದ್ದರಿಂದ ತಗ್ಗಿನಲ್ಲಿ, ಹಳ್ಳದಲ್ಲಿ ನಿಲ್ಲಬೇಡಿ. ಹೊರಬರಲು ದಾರಿ ಇಲ್ಲದಿದ್ದರೆ ಮನೆಯೊಳಗೇ ಇದ್ದು ಬಾಗಿಲು, ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿ. ಕಣ್ಣಿಗೆ ತಗುಲಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. 112ಕ್ಕೆ ಫೋನ್ ಮಾಡುವಾಗ ಬರೀ "ಗ್ಯಾಸ್ ಸೋರ್ತಿದೆ" ಅನ್ನಬೇಡಿ. ಯಾವ ಘಟಕ, ಯಾವ ಅನಿಲ, ಎಷ್ಟಿದೆ ಅಂತ ಹೇಳಿ.

ಹಾಗೆ ಹೇಳಬೇಕಾದರೆ ಮೊದಲೇ ಗೊತ್ತಿರಬೇಕು. ವೆಸ್ಟ್ ಊರಿನ ಆ 12 ಜನರಿಗೆ ಯಾರಾದರೂ ಒಂದು ಮಾತು ಮೊದಲೇ ಹೇಳಿದ್ದರೆ ಅವರು ಬೆಂಕಿ ಆರಿಸುವ ಬದಲು ಜನರನ್ನು ಕರೆದುಕೊಂಡು ದೂರ ಹೋಗುತ್ತಿದ್ದರೇನೋ. ಈ ವಾರ ನಿಮ್ಮ ಔಷಧಿ ಕೋಣೆಯ ಹಾಳೆ ಬರೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಆ ಒಂದು ಪ್ರಶ್ನೆ ಕೇಳಿ.