‘ಮುಖಭಂಗ’: ಅರ್ಥ ಮತ್ತು ಬಳಕೆ

ಆದರವನ್ನು ನಿರೀಕ್ಷಿಸಿ ಹೋದವನಿಗೆ ಅನಾದರ ದೊರೆತಾಗ ಉಂಟಾಗುವ ನೋವನ್ನು ಕನ್ನಡದಲ್ಲಿ ‘ಮುಖಭಂಗ’ವೆನ್ನುತ್ತಾರೆ. ‘ಭಂಗ’ವೆಂದರೆ ಮುರಿಯುವಿಕೆ, ವ್ರತಭಂಗ, ತಪೋಭಂಗ, ಆಶಾಭಂಗಗಳಲ್ಲಿರುವುದೂ ಇದೇ ಶಬ್ದ. ಅವಮಾನವು ಏಕಾಂತದಲ್ಲಿಯೂ ಆಗಬಹುದು. ಮುಖಭಂಗಕ್ಕೆ ಸಾಮಾನ್ಯವಾಗಿ ನಾಲ್ವರು ನೋಡುವವರಿರಬೇಕು. ಬೈಗುಳವೇ ಬೇಕೆಂದಿಲ್ಲ. ಸಭೆಯಲ್ಲಿ ಕೈಮುಗಿದವನನ್ನು ಕಂಡೂ ಕಾಣದಂತೆ ಮುಂದೆ ಸರಿದರೂ ಸಾಕು.

ಇದರ ಪ್ರಯೋಗವು ವಿಚಾರಾರ್ಹವಾಗಿದೆ. ‘ಅವನಿಗೆ ಮುಖಭಂಗವಾಯಿತು’ ಎಂಬಲ್ಲಿ ನೊಂದವನು ಕರ್ತೃವಲ್ಲ, ಚತುರ್ಥಿಯಲ್ಲಿ ನಿಂತಿದ್ದಾನೆ. ‘ಮುಖಭಂಗ ಮಾಡಿದರು’ ಎಂದರೆ ತಪ್ಪು ಮಾಡಿದವರದು. ‘ಮುಖಭಂಗ ಮಾಡಿಕೊಂಡು ಬಂದ’ ಎಂದರೆ ಕರೆಯದಲ್ಲಿಗೆ ಹೋದ ತಪ್ಪು ಅವನದೇ ಎಂಬ ಧ್ವನಿ. ‘ಮುನಿಸು’ ಇದರಿಂದ ಭಿನ್ನ. ಅಪರಿಚಿತನ ಮೇಲೆ ಕೋಪ ಬರಬಹುದು, ಮುನಿಸು ಬಾರದು. ಅದಕ್ಕೆ ಸಲಿಗೆ ಬೇಕು. ಪತ್ರಿಕೆಗಳು ಚುನಾವಣೆಯ ಸೋಲನ್ನೂ ಪಂದ್ಯದ ಸೋಲನ್ನೂ ‘ಮುಖಭಂಗ’ವೆನ್ನುವುದರಿಂದ ಈ ಸೂಕ್ಷ್ಮವು ಮಸುಕಾಗುತ್ತಿದೆ.

ಹೈದರಾಬಾದಿನ ಕನ್ನಡಿಗರಿಗೆ ಇದು ನಿಘಂಟಿನ ವಿಷಯ ಮಾತ್ರವಲ್ಲ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರುಗಳ ಕಡೆಯವರು ‘ನಾರಾಜ’ ಎಂಬ ಮಾತನ್ನೂ ಬಲ್ಲರು. ಅರಬ್ಬಿ ಮೂಲದ ‘ರಾಜಿ’ಗೆ ಫಾರ್ಸಿಯ ನಿಷೇಧಾರ್ಥಕ ‘ನಾ’ ಸೇರಿ ಆದ ಈ ಶಬ್ದವು ಅಸಮಾಧಾನವನ್ನಷ್ಟೇ ಸೂಚಿಸುತ್ತದೆ. ತಪ್ಪು ಯಾರದೆಂದು ಹೇಳದು. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಗೊಂಡ ಅನಂತರ ಅದರ ಆಸುಪಾಸಿನಲ್ಲಿ ಭರದಿಂದ ಬೆಳೆದ ಕೊಂಡಾಪುರದಲ್ಲಿ ಕನ್ನಡಿಗನ ಕಿವಿಗೆ ಬೀಳುವುದು ತೆಲುಗಿನ ‘ಚಿನ್ನಬುಚ್ಚುಕೊನು’. ಇಲ್ಲಿ ‘ಚಿನ್ನ’ವೆಂದರೆ ಹೊನ್ನಲ್ಲ, ಸಣ್ಣದು. ‘ಚಿನ್ನಬುಚ್ಚು’ ಎಂದರೆ ಮತ್ತೊಬ್ಬರನ್ನು ಸಣ್ಣವರನ್ನಾಗಿಸುವುದು. ‘ಕೊನು’ ಸೇರಿದೊಡನೆ ತನ್ನನ್ನು ಸಣ್ಣದಾಗಿ ಕಂಡರೆಂದು ತಾನೇ ನೊಂದುಕೊಳ್ಳುವುದು. ಕನ್ನಡದ ‘ಕೊಳ್ಳು’ ಈ ‘ಕೊನು’ವಿನ ಜ್ಞಾತಿಶಬ್ದವೇ ಆಗಿದೆ.

ಆದುದರಿಂದ ಗೃಹಪ್ರವೇಶಕ್ಕೆ ಕರೆಯಲು ಮರೆತ ನೆರೆಯವರು ಮರುದಿನ ಬಂದು ‘ಚಿನ್ನಬುಚ್ಚುಕೋಕಂಡಿ’ ಎಂದರೆ, ಆ ಮಾತಿನಲ್ಲಿ ‘ಮುಖಭಂಗ’ವನ್ನು ಕಾಣುವುದು ಸಲ್ಲದು. ‘ಬೇಸರಪಟ್ಟುಕೊಳ್ಳಬೇಡಿ’ ಎಂಬುದೇ ಅದಕ್ಕೆ ಸಮೀಪವಾದ ಕನ್ನಡ. ‘ಮುಖಭಂಗ’ವೆಂದೊಡನೆ ನೆರೆಯವರು ಅಪರಾಧಿಗಳಾಗುತ್ತಾರೆ, ‘ಬೇಸರ’ವೆಂದರೆ ಅವರ ಮರೆವಿಗೂ ಒಂದಿಷ್ಟು ಕ್ಷಮೆಯುಂಟು. ಎರಡು ಭಾಷೆಗಳ ನಡುವೆ ಬಾಳುವವರು ನೋವಿನ ಮಾತುಗಳನ್ನು ಅನುವಾದಿಸಿಕೊಳ್ಳುವಾಗ ತಪ್ಪು ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ನೋಡಿಕೊಳ್ಳುವುದು ಲೇಸು.