ಪಂಪಿನ ಕಂಟ್ರೋಲರ್ ಮಧ್ಯಾಹ್ನವೇ ಏಕೆ ನಿಲ್ಲುತ್ತದೆ?

ಮಾರ್ಚ್ ತಿಂಗಳು ಬಂತೆಂದರೆ ಅಡಿಕೆ ತೋಟಕ್ಕೆ ನೀರು ತಪ್ಪಿಸುವಂತಿಲ್ಲ. ಮಳೆ ತಡವಾದರೆ ಕಾಫಿಗೂ ಹೂವಿನ ನೀರು ಕೊಡಲೇಬೇಕು. ಸರಿಯಾಗಿ ಅಂಥ ದಿನಗಳಲ್ಲಿಯೇ ಪಂಪಿನ ಕಂಟ್ರೋಲರ್ ನಡುಮಧ್ಯಾಹ್ನ ತಾನಾಗಿ ನಿಂತು, ಹೊತ್ತು ಇಳಿದ ಮೇಲೆ ಮತ್ತೆ ಓಡತೊಡಗುವುದುಂಟು. ಯಂತ್ರ ಕೆಟ್ಟಿತೆಂದು ಹಲವರು ರಿಪೇರಿಗೆ ಒಯ್ಯುತ್ತಾರೆ. ಅನೇಕ ವೇಳೆ ಯಂತ್ರ ಕೆಟ್ಟಿರುವುದಿಲ್ಲ. ಬಿಸಿ ತಾಳಲಾರದೆ ತನ್ನನ್ನು ತಾನೇ ಕಾಪಾಡಿಕೊಂಡಿರುತ್ತದೆ.

ಬಿಸಿ ಎಲ್ಲಿಂದ ಬರುತ್ತದೆ?

ಸೋಲಾರ್ ಕಂಟ್ರೋಲರ್ ಆಗಲಿ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಆಗಲಿ, ಮನೆಯ ಇನ್ವರ್ಟರ್ ಆಗಲಿ, ತನ್ನ ಮೂಲಕ ಹಾಯುವ ವಿದ್ಯುತ್ತಿನ ಒಂದು ಸಣ್ಣ ಪಾಲನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ. 5 ಅಶ್ವಶಕ್ತಿಯ ಮೋಟಾರು ಸುಮಾರು 4,500 ವಾಟ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ಅದರಲ್ಲಿ ನೂರಕ್ಕೆ 4 ಪಾಲು ಕಂಟ್ರೋಲರಿನಲ್ಲಿ ಬಿಸಿಯಾದರೂ 180 ವಾಟ್ ಆಯಿತು. ಎಂದರೆ ಹಳೆಯ 60 ವಾಟಿನ ಮೂರು ಬಲ್ಬುಗಳನ್ನು ಆ ಪೆಟ್ಟಿಗೆಯೊಳಗೆ ದಿನವಿಡೀ ಉರಿಸಿದಂತೆ. ಈ ಬಿಸಿಯನ್ನು ಇಲ್ಲವಾಗಿಸಲು ಯಾವ ಉಪಾಯವೂ ಇಲ್ಲ. ಅದನ್ನು ಹೊರಗೆ ಸಾಗಿಸಬಹುದು, ಅಷ್ಟೆ.

ಕಾಫಿ ಕಣದ ಪಾಠ

ಕೊಯ್ದ ಹಣ್ಣನ್ನು ರಾಶಿ ಹಾಕಿ ಬಿಟ್ಟರೆ ನಡುವೆ ಬಿಸಿಯೇರುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನೇ ಕಣದಲ್ಲಿ ತೆಳುವಾಗಿ ಹರಡಿದರೆ ಗಾಳಿಯಾಡಿ ತಣಿಯುತ್ತದೆ. ಕಂಟ್ರೋಲರಿನ ಬೆನ್ನಿಗಿರುವ ಅಲ್ಯೂಮಿನಿಯಂ ರೆಕ್ಕೆಗಳ ಕೆಲಸವೂ ಇದೇ. ಒಳಗಿನ ಬಿಸಿಯನ್ನು ಅವು ಹೆಚ್ಚು ಮೈಗೆ ಹರಡಿ ಗಾಳಿಗೆ ಒಪ್ಪಿಸುತ್ತವೆ. ಬಿಸಿಯಾದ ಗಾಳಿ ರೆಕ್ಕೆಗಳ ನಡುವೆ ಮೇಲಕ್ಕೇರಿದಂತೆ ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಆದ್ದರಿಂದಲೇ ಇಂಥ ಪೆಟ್ಟಿಗೆಯನ್ನು ರೆಕ್ಕೆಗಳು ನಿಂತಿರುವಂತೆ ಕೂರಿಸತಕ್ಕದ್ದು. ಅಡ್ಡ ಮಲಗಿಸಿದರೆ ಈ ಓಟ ನಿಲ್ಲುತ್ತದೆ.

ಅಲ್ಯೂಮಿನಿಯಂ ಬಿಸಿಯನ್ನು ಬೇಗ ಸಾಗಿಸುತ್ತದೆ. ನಿಂತ ಗಾಳಿಯಾದರೋ ಸಾಗಿಸುವುದು ಅತಿ ಕಡಿಮೆ. ಇವೆರಡರ ವ್ಯತ್ಯಾಸ ಹಲವು ಸಾವಿರ ಪಟ್ಟು. ರೆಕ್ಕೆಗಳ ಸಂದಿಯಲ್ಲಿ ಧೂಳು, ಜೇಡರ ಬಲೆ, ಕಣಜದ ಗೂಡು ತುಂಬಿದರೆ ಗಾಳಿ ಅಲ್ಲಿಯೇ ನಿಂತು ಕಂಬಳಿಯಂತಾಗುತ್ತದೆ. ರಿಪೇರಿಯಲ್ಲಿ ಟ್ರಾನ್ಸಿಸ್ಟರ್ ಬದಲಿಸಿದಾಗ ಅದಕ್ಕೂ ಲೋಹಕ್ಕೂ ನಡುವೆ ಬಿಸಿ ದಾಟಿಸುವ ಲೇಪವನ್ನು ಹೊಸದಾಗಿ ಹಚ್ಚಿದ್ದಾರೆಯೇ ಎಂದು ಕೇಳಬೇಕಾದುದೂ ಇದಕ್ಕಾಗಿಯೇ. ಕಣ್ಣಿಗೆ ಕಾಣದ ಸಂದುಗಳಲ್ಲಿ ಉಳಿಯುವ ಗಾಳಿಯನ್ನು ಆ ಲೇಪ ಹೊರದೂಡುತ್ತದೆ. ಆದರೆ ಅದು ತೆಳುವಾಗಿರಬೇಕು; ದಪ್ಪ ಮೆತ್ತಿದರೆ ಲೇಪವೇ ಅಡ್ಡಿಯಾಗುತ್ತದೆ.

ಹತ್ತು ಡಿಗ್ರಿಯ ಬೆಲೆ

ಇಂಥ ಯಂತ್ರಗಳಲ್ಲಿ ಬೇಗ ಸೋಲುವ ಭಾಗಗಳಲ್ಲಿ ಒಂದು, ದ್ರವವುಳ್ಳ ಕೆಪಾಸಿಟರ್. ಇದರ ಶಾಖ 10 ಡಿಗ್ರಿ ಇಳಿದರೆ ಆಯುಷ್ಯ ಇಮ್ಮಡಿಯಾಗುತ್ತದೆಂಬುದು ಇಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್, 75 ಡಿಗ್ರಿಯಲ್ಲಿ 16,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ 8 ಗಂಟೆಯಂತೆ ಓಡಿಸಿದರೆ ಮೊದಲನೆಯದು ಸುಮಾರು ಐದೂವರೆ ವರ್ಷ, ಎರಡನೆಯದು ಹನ್ನೊಂದು ವರ್ಷ. ಒಂದಿಷ್ಟು ನೆರಳು, ಒಂದಿಷ್ಟು ಗಾಳಿ ಮಾಡಿಕೊಡುವ ಉಳಿತಾಯ ಇದು.

ಬೆಳೆಗಾರರು ಮಾಡಬೇಕಾದುದು

1. ಕಂಟ್ರೋಲರಿಗೆ ನೇರ ಬಿಸಿಲು ತಾಗಬಾರದು. ಕಾದ ತಗಡಿನ ಮಾಡಿನ ಕೆಳಗೆ ಮುಚ್ಚಿದ ಕೋಣೆಯೂ ಒಳ್ಳೆಯದಲ್ಲ. ಮಳೆಯ ಎರಚಲು ಬಾರದ, ಗಾಳಿಯಾಡುವ ಉತ್ತರದ ಗೋಡೆ ಉತ್ತಮ.

2. ಮೇಲೆ, ಕೆಳಗೆ, ಪಕ್ಕಗಳಲ್ಲಿ ಯಂತ್ರದ ಪುಸ್ತಕ ಹೇಳಿದಷ್ಟು ಜಾಗ ಬಿಡಿ. ಗೋಣಿಚೀಲ, ಪ್ಲಾಸ್ಟಿಕ್ ಹೊದಿಸಬೇಡಿ.

3. ಬೇಸಗೆಗೆ ಮುನ್ನ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ವಿದ್ಯುತ್ ತೆಗೆದು, ರೆಕ್ಕೆಗಳನ್ನು ಒಣ ಬ್ರಷ್ಷಿನಿಂದ ಗುಡಿಸಿ. ನೀರು ಹೊಯ್ಯಬೇಡಿ.

4. ಫ್ಯಾನ್ ಇದ್ದರೆ ಅದರ ಸದ್ದಿಗೆ ಕಿವಿ ಕೊಡಿ. ಕರಕರ ಎಂದರೆ ನಿಲ್ಲುವ ಮುನ್ನವೇ ಬದಲಿಸಿ.

5. ಗಾಳಿ ಬರಲೆಂದು ಭದ್ರವಾಗಿ ಮುಚ್ಚಿದ ಪೆಟ್ಟಿಗೆಗೆ ತೂತು ಕೊರೆಯಬೇಡಿ. ಮಳೆಗಾಲದ ತೇವ, ಇರುವೆ, ಹಲ್ಲಿ ಒಳಹೊಕ್ಕರೆ ಬಿಸಿಗಿಂತ ಹೆಚ್ಚಿನ ಕೇಡು. ಸ್ವಿಚ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಕೆಲಕಾಲ ಉಳಿದಿರುತ್ತದೆ. ಪೆಟ್ಟಿಗೆ ತೆರೆಯುವ ಕೆಲಸ ತಿಳಿದವರಿಗೇ ಇರಲಿ.

ಇಷ್ಟಾದರೂ ತಣ್ಣನೆಯ ಬೆಳಗಿನಲ್ಲಿಯೇ ಯಂತ್ರ ನಿಲ್ಲುತ್ತಿದ್ದರೆ ಕಾರಣ ಬೇರೆಯಿದೆ; ಆಗ ಮೆಕ್ಯಾನಿಕ್‌ನನ್ನು ಕರೆಸಿ. ಮಧ್ಯಾಹ್ನ ಮಾತ್ರ ನಿಲ್ಲುತ್ತಿದ್ದರೆ ಮೊದಲು ಬ್ರಷ್ ಕೈಗೆತ್ತಿಕೊಳ್ಳಿ.