ಅಮಾವಾಸ್ಯೆಯ ಭಜನೆ

ಆಳಂದ ತಾಲೂಕಿನ ಹಿರೋಳ್ಳಿಯ ಸೀಮೆಯಲ್ಲಿ ಅಮಾವಾಸ್ಯೆಯ ರಾತ್ರಿ ಊಟ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ಕೂಡುವ ಭಜನೆಯನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಅದಕ್ಕೆ ಆಮಂತ್ರಣವಿಲ್ಲ, ಸಂಭಾವನೆಯೂ ಇಲ್ಲ. ಏಕತಾರಿಯುಳ್ಳವನು ಏಕತಾರಿಯನ್ನೂ ದಮ್ಮಡಿಯುಳ್ಳವನು ದಮ್ಮಡಿಯನ್ನೂ ತರುವನು; ಬರಿಗೈಯಿಂದ ಬಂದವನ ಕೈಗೆ ತಾಳವನ್ನು ಕೊಡುವರು. ಒಬ್ಬನು ನುಡಿಯನ್ನೆತ್ತಿಕೊಂಡರೆ ಉಳಿದವರು ಪಲ್ಲವಿಯನ್ನು ಹಿಡಿಯುವರು. ಅವನು ದಣಿದಲ್ಲಿ ಮತ್ತೊಬ್ಬನು ಮುಂದುವರಿಸುವನು. ಪದದ ಗೂಢಾರ್ಥವನ್ನು ಕುರಿತು ಸವಾಲು-ಜವಾಬು ಹತ್ತಿತೆಂದರೆ ಕೋಳಿ ಕೂಗಿದರೂ ಯಾರೂ ಏಳರು.

ಹಾಡುವ ತತ್ತ್ವಪದಗಳಲ್ಲಿ ಬಹಳಷ್ಟು ಈ ನಾಡಿನವೇ. ಕಡಕೋಳದ ಮಡಿವಾಳಪ್ಪನವರು, ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಮೊದಲಾದವರ ರಚನೆಗಳು. ಗುರುವಿನ ಪದವಾದ ಮೇಲೆ ಸಾಹೇಬರ ಪದವು ಬಂದಾಗ ಜಾತಿಯನ್ನು ವಿಚಾರಿಸಿದವನನ್ನು ನಾನು ಈವರೆಗೆ ಕಂಡಿಲ್ಲ.

ಹಾರ್ಮೋನಿಯಮ್ಮು ಈ ಕೂಟಕ್ಕೆ ತಡವಾಗಿ ಬಂದ ಅತಿಥಿ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದ ಸ್ವರಗಳು ಕಟ್ಟಿಟ್ಟವು. ಒಂದರಿಂದೊಂದಕ್ಕೆ ಜಾರುವ ಮೀಂಡು ಅದಕ್ಕೆ ಅಸಾಧ್ಯ. ಆ ದೋಷವನ್ನೆಣಿಸಿಯೇ ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟು 1971ರವರೆಗೆ ಒಳಗೆ ಬಿಡಲಿಲ್ಲ. ನಮ್ಮ ಕಟ್ಟೆಯ ಮೇಲಾದರೋ ಪೇಟಿಗೆ ಯಾವ ಬಹಿಷ್ಕಾರವೂ ಇರಲಿಲ್ಲ! ಶ್ರುತಿ ತಪ್ಪುವ ಹತ್ತು ಕಂಠಗಳನ್ನು ಅದು ಒಂದುಗೂಡಿಸುವುದು. ಈಗಿನ ಧ್ವನಿವರ್ಧಕವಾದರೋ ಒಬ್ಬನನ್ನೇ ಹಾಡುಗಾರನನ್ನಾಗಿ ಮಾಡಿ ಮಿಕ್ಕವರನ್ನು ಶ್ರೋತೃಗಳನ್ನಾಗಿ ಕೂಡಿಸುವುದು. ಇದು ನನಗೆ ಒಪ್ಪದ ಮಾತು.

ನನ್ನದೊಂದು ಅಪರಾಧವನ್ನು ಇಲ್ಲಿ ಹೇಳಬೇಕು. ಬಹಳ ವರ್ಷಗಳ ಹಿಂದೆ ಇಂಥದೊಂದು ಭಜನೆಯಲ್ಲಿ, ಅಕ್ಷರವರಿಯದ ವೃದ್ಧರೊಬ್ಬರು ನಾನೆಂದೂ ಕೇಳದ ಪದವೊಂದನ್ನು ಹಾಡುತ್ತಿದ್ದರು. ಸಂಸ್ಕೃತ ಶಬ್ದವೊಂದು ಅವರ ಬಾಯಲ್ಲಿ ಅಪಭ್ರಂಶವಾಯಿತು. ಕಲಿಸುವ ಚಟದವನಾದ ನಾನು ನಡುವೆಯೇ ತಿದ್ದಿದೆನು. ಅವರು ಏಕತಾರಿಯನ್ನು ತೊಡೆಯ ಮೇಲಿಟ್ಟು, “ಮಾಸ್ತರ್ರೀ, ನಮ್ಮ ಮುತ್ಯಾ ಹಿಂಗೇ ಹಾಡ್ತಿದ್ದ. ನಾ ಹ್ಯಾಂಗ ಬದಲು ಮಾಡ್ಲಿ?” ಎಂದರು. ಆ ಪದ ಅಲ್ಲಿಗೇ ನಿಂತಿತು. ಬೇರೊಬ್ಬರು ಬೇರೆ ಪದವನ್ನು ಎತ್ತಿಕೊಂಡರು.

ಮುಂದಿನ ಅಮಾವಾಸ್ಯೆಗೆ ಕ್ಷಮೆ ಕೇಳೋಣವೆಂದು ಹೋದೆನು; ಅವರು ಬಂದಿರಲಿಲ್ಲ. ಮಳೆಗಾಲದಲ್ಲಿ ತೀರಿಕೊಂಡರೆಂದು ತರುವಾಯ ತಿಳಿಯಿತು. ಅಂದು ಕೂಡಿದ್ದವರನ್ನೆಲ್ಲ ವಿಚಾರಿಸಿದ್ದಾಯಿತು, ಮಕ್ಕಳನ್ನೂ ಕೇಳಿದ್ದಾಯಿತು. ಪಲ್ಲವಿಯೊಂದು ಸಿಕ್ಕಿತು, ಅರ್ಧ ನುಡಿ ಸಿಕ್ಕಿತು. ನಾನು ತಿದ್ದಿದ ಶಬ್ದ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಈಗ ಭಜನೆಗೆ ಹೋಗುವಾಗ ವಹಿಯೊಂದನ್ನು ಒಯ್ಯುತ್ತೇನೆ. ಹಾಡಿದವರ ಬಾಯಲ್ಲಿ ಹೇಗೆ ಬಂದಿತೋ ಹಾಗೆಯೇ ಬರೆದುಕೊಳ್ಳುತ್ತೇನೆ.